ಇಪ್ಪತ್ತರ ಲೆಕ್ಕಕ್ಕೆ ಸಿಗದ ಮಕ್ಕಳು

ಮಹಾರಾಷ್ಟ್ರದ ಶಾಲಾ ಶಿಕ್ಷಣ ಇಲಾಖೆ 2025ರ ಜೂನ್ 17ರಂದು ಹೊರಡಿಸಿದ ಆದೇಶವನ್ನು ನಾಸಿಕ್‌ನ ನಮ್ಮ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿಗೆ ಯಾರೋ ಹಾಕಿದ್ದರು. ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಒಂದನೇ ತರಗತಿಯಿಂದ ‘ಸಾಮಾನ್ಯವಾಗಿ’ ಹಿಂದಿಯೇ ಮೂರನೇ ಭಾಷೆ. ಬೇರೆ ಭಾರತೀಯ ಭಾಷೆ ಬೇಕೆಂದರೆ ಒಂದು ತರಗತಿಯಲ್ಲಿ ಕನಿಷ್ಠ 20 ಮಕ್ಕಳು ಅದನ್ನು ಕೇಳಬೇಕು. ಕೇಳಿದರೆ ಶಿಕ್ಷಕರನ್ನು ಕೊಡುತ್ತಾರೆ, ಇಲ್ಲವೇ ಆನ್‌ಲೈನ್‌ನಲ್ಲಿ ಕಲಿಸುತ್ತಾರೆ. ಗುಂಪಿನಲ್ಲಿ ಕೂಡಲೇ ಎಣಿಕೆ ಶುರುವಾಯಿತು. ಇಂದಿರಾನಗರದ ಒಂದು ಶಾಲೆಯಲ್ಲಿ ನಮ್ಮವರ ಮಕ್ಕಳು ಮೂವರು, ಗಂಗಾಪುರ ರೋಡ್ ಕಡೆ ಇಬ್ಬರು, ಸಾತಪುರದಲ್ಲಿ ಒಬ್ಬಳು. ಅವರೂ ಒಂದೇ ತರಗತಿಯವರಲ್ಲ. ಹುಬ್ಬಳ್ಳಿಯವರೊಬ್ಬರು, ‘ಇಪ್ಪತ್ತು ಮಂದಿ ಆಗಬೇಕಾದರ ಇಡೀ ಜಿಲ್ಲೆಯ ಕನ್ನಡ ಹುಡುಗರನ್ನ ಒಂದ ಕ್ಲಾಸಿನ್ಯಾಗ ಕೂಡಿಸಬೇಕ್ರಿ’ ಎಂದು ಬರೆದರು. ಎಲ್ಲರೂ ನಕ್ಕರು, ಮಾತು ಅಲ್ಲಿಗೆ ಮುಗಿಯಿತು.

ಆ ಆದೇಶ ಬದುಕಿದ್ದು ಹನ್ನೆರಡು ದಿನ. ಜೂನ್ 29ರ ಸಂಜೆ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಅದನ್ನೂ ಅದಕ್ಕಿಂತ ಹಿಂದಿನ ಆದೇಶವನ್ನೂ ರದ್ದು ಮಾಡಿದರು. ಆದರೆ ಇಪ್ಪತ್ತು ಎಂಬ ಸಂಖ್ಯೆ ಮಾತ್ರ ರದ್ದಾಗಲಿಲ್ಲ. ಈ ರಾಜ್ಯದ ಸರ್ಕಾರಿ ಶಾಲೆಗಳ ವಿಷಯದಲ್ಲಿ ಅದು ಮತ್ತೆ ಮತ್ತೆ ಎದುರಾಗುತ್ತದೆ. ಶಾಲೆ ಉಳಿಯಬೇಕೋ ಬೇಡವೋ ಎಂಬಲ್ಲಿ ಇಪ್ಪತ್ತು, ಶಿಕ್ಷಕರ ಹುದ್ದೆ ಇರಬೇಕೋ ಬೇಡವೋ ಎಂಬಲ್ಲಿ ಇಪ್ಪತ್ತು, ಭಾಷೆ ಕಲಿಸಬೇಕೋ ಬೇಡವೋ ಎಂಬಲ್ಲಿಯೂ ಇಪ್ಪತ್ತು. ಹತ್ತು ವರ್ಷ ಛತ್ರಪತಿ ಸಂಭಾಜಿನಗರದ ವಾಳೂಜ್‌ನಲ್ಲಿ, ಈಗ ನಾಸಿಕ್‌ನ ಅಂಬಡ್‌ನಲ್ಲಿ ಕಾರ್ಖಾನೆಗಳ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುತ್ತಿರುವ ನನಗೆ ಸಂಖ್ಯೆಗಳ ಮೇಲೆ ದ್ವೇಷವಿಲ್ಲ. ಆ ಸಂಖ್ಯೆಯನ್ನು ಯಾರು, ಎಲ್ಲಿ ಕುಳಿತು, ಯಾರನ್ನು ಕೇಳಿ ಗೊತ್ತುಮಾಡಿದರು ಎಂಬುದಷ್ಟೇ ನನ್ನ ಕುತೂಹಲ.

ಮೊದಲು ಭಾಷೆಯ ಕಥೆ. ರಾಜ್ಯ ಪಠ್ಯಕ್ರಮ ಚೌಕಟ್ಟನ್ನು ಜಾರಿಗೆ ತರುವ ಆದೇಶ ಹೊರಟಿದ್ದು 2025ರ ಏಪ್ರಿಲ್ 16ರಂದು. ಇಲ್ಲಿ ಸರ್ಕಾರಿ ಆದೇಶಕ್ಕೆ ‘ಶಾಸನ ನಿರ್ಣಯ’ ಎನ್ನುತ್ತಾರೆ, ಆಡುಮಾತಿನಲ್ಲಿ ಜಿಆರ್. ಆ ಜಿಆರ್‌ನಲ್ಲಿ ಮರಾಠಿ, ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಒಂದರಿಂದ ಐದನೇ ತರಗತಿಯವರೆಗೆ ಹಿಂದಿ ಕಡ್ಡಾಯ ಎಂದಿತ್ತು. ಅಲ್ಲಿಯವರೆಗೆ ಮರಾಠಿ ಶಾಲೆಗಳಲ್ಲಿ ಹಿಂದಿ ಶುರುವಾಗುತ್ತಿದ್ದುದು ಐದನೇ ತರಗತಿಯಲ್ಲಿ. ನಾಲ್ಕೇ ದಿನಕ್ಕೆ ಸರ್ಕಾರದ್ದೇ ಭಾಷಾ ಸಲಹಾ ಸಮಿತಿಯ ಅಧ್ಯಕ್ಷ, ಲೇಖಕ ಲಕ್ಷ್ಮೀಕಾಂತ ದೇಶಮುಖ್ ಮುಖ್ಯಮಂತ್ರಿಗೆ ಪತ್ರ ಬರೆದು ಆಕ್ಷೇಪಿಸಿದರು. ತಮ್ಮ ಸಮಿತಿಯನ್ನು ಕೇಳಿಯೇ ಇರಲಿಲ್ಲ ಎಂಬುದೂ ಅವರ ಆಕ್ಷೇಪವಾಗಿತ್ತು. ಏಪ್ರಿಲ್ 22ರಂದು ಶಿಕ್ಷಣ ಸಚಿವ ದಾದಾ ಭುಸೆ ‘ಕಡ್ಡಾಯ’ ಎಂಬ ಪದಕ್ಕೆ ತಡೆ ಕೊಟ್ಟರು. ಭುಸೆಯವರು ನಮ್ಮ ನಾಸಿಕ್ ಜಿಲ್ಲೆಯ ಮಾಲೇಗಾಂವ್‌ನವರೇ. ಬಾಯಿಮಾತಿನ ಆ ತಡೆ ಕಾಗದದ ಮೇಲೆ ಬರಲು ಸುಮಾರು ಎರಡು ತಿಂಗಳು ಹಿಡಿಯಿತು. ಬಂದದ್ದಾದರೂ ಯಾವಾಗ? ಜೂನ್ 16ರಂದು ಶಾಲೆಗಳು ಬಾಗಿಲು ತೆರೆದವು, ತಿದ್ದುಪಡಿಯ ಜಿಆರ್ ಬಂದಿದ್ದು ಮರುದಿನ.

ಮುಂದಿನದ್ದು ಎಲ್ಲರಿಗೂ ಗೊತ್ತಿರುವುದೇ. ಉದ್ಧವ್ ಠಾಕ್ರೆ, ರಾಜ್ ಠಾಕ್ರೆ ಇಬ್ಬರೂ ಜುಲೈ 5ಕ್ಕೆ ಮುಂಬೈಯಲ್ಲಿ ಒಟ್ಟಾಗಿ ಮೆರವಣಿಗೆ ಕರೆದರು. ಜೂನ್ 30ಕ್ಕೆ ವಿಧಾನಮಂಡಲದ ಮಳೆಗಾಲದ ಅಧಿವೇಶನ ಶುರುವಾಗಬೇಕಿತ್ತು, ಹಿಂದಿನ ಸಂಜೆಯೇ ಎರಡೂ ಜಿಆರ್ ರದ್ದಾದವು. ಮೆರವಣಿಗೆ ವರಳಿಯ ವಿಜಯ ಸಭೆಯಾಯಿತು. ಏಪ್ರಿಲ್ 16ರಿಂದ ಎಣಿಸಿದರೆ 74 ದಿನ. ಈ 74 ದಿನಗಳಲ್ಲಿ ಆದೇಶ ಯಾರದ್ದು ಎಂಬುದರ ಬಗ್ಗೆಯೂ ಜಗಳ ನಡೆಯಿತು. ರಘುನಾಥ ಮಾಶೇಲ್ಕರ್ ಸಮಿತಿಯ ವರದಿಯನ್ನು ಒಪ್ಪಿದ್ದೇ ಉದ್ಧವ್ ಸರ್ಕಾರ ಎಂದು ಫಡಣವೀಸ್ ಹೇಳಿದರು, ವರದಿ ಸ್ವೀಕರಿಸಿದ್ದು ಬೇರೆ, ಜಾರಿ ಮಾಡಿದ್ದು ಬೇರೆ ಎಂದು ಆ ಕಡೆಯವರು ಹೇಳಿದರು. ಒಂದನೇ ತರಗತಿಯ ಮಗುವಿಗೆ ಏನು ಕಲಿಸಬೇಕೆಂಬ ನಿರ್ಧಾರಕ್ಕೆ ಕೊನೆಗೆ ಹೆತ್ತವರೇ ಇಲ್ಲದಂತಾಯಿತು.

ಇದೆಲ್ಲ ಆದ ಮೇಲೆ ಸರ್ಕಾರ ಅರ್ಥಶಾಸ್ತ್ರಜ್ಞ ನರೇಂದ್ರ ಜಾಧವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ಸಮಿತಿಯವರು ಊರೂರಿಗೆ ಹೋಗಿ ಜನರ ಅಭಿಪ್ರಾಯ ಕೇಳುವ ಪ್ರವಾಸಪಟ್ಟಿ ಪ್ರಕಟಿಸಿದರು. ಅಕ್ಟೋಬರ್‌ಗೆ ಛತ್ರಪತಿ ಸಂಭಾಜಿನಗರ ಮತ್ತು ನಾಗಪುರ, ನವೆಂಬರ್‌ಗೆ ನಾಸಿಕ್, ಪುಣೆ, ಸೊಲ್ಲಾಪುರ, ನಡುವೆ ಕೊಲ್ಲಾಪುರ, ರತ್ನಾಗಿರಿ. ಸಮಿತಿಯಲ್ಲಿ ಭಾಷಾಶಾಸ್ತ್ರಜ್ಞರಿದ್ದಾರೆ, ಮಕ್ಕಳ ಮನೋವೈದ್ಯರಿದ್ದಾರೆ, ಸಂತ ಸಾಹಿತ್ಯದ ವಿದ್ವಾಂಸ ಸದಾನಂದ ಮೋರೆ ಇದ್ದಾರೆ, ರಂಗಕರ್ಮಿ ವಾಮನ ಕೇಂದ್ರೆ ಇದ್ದಾರೆ. ಒಳ್ಳೆಯ ಸಮಿತಿಯೇ. ಆದರೆ ಕ್ರಮ ನೋಡಿ. ಮೊದಲು ಆದೇಶ, ಆಮೇಲೆ ತಿದ್ದುಪಡಿ, ಆಮೇಲೆ ರದ್ದು, ಎಲ್ಲಕ್ಕಿಂತ ಕೊನೆಗೆ ‘ನಿಮ್ಮ ಅಭಿಪ್ರಾಯವೇನು?’ ಎಂಬ ಪ್ರಶ್ನೆ. ನಮ್ಮ ಕಾರ್ಖಾನೆಯಲ್ಲಿ ಒಂದು ಬೋಲ್ಟಿನ ಅಳತೆ ಬದಲಿಸಬೇಕಾದರೂ ಮೊದಲು ಐವತ್ತು ತುಂಡು ಮಾಡಿ, ಜೋಡಿಸುವವನ ಕೈಗೆ ಕೊಟ್ಟು, ಅವನು ಏನೆನ್ನುತ್ತಾನೆ ಎಂದು ಬರೆದುಕೊಂಡೇ ಮುಂದಕ್ಕೆ ಹೋಗುತ್ತೇವೆ.

ಇಲ್ಲಿ ಕನ್ನಡಿಗರಿಗೆ ಸ್ವಾರಸ್ಯದ ಸಂಗತಿಯೊಂದಿದೆ. ಕರ್ನಾಟಕ ಸರ್ಕಾರ ತನ್ನ ರಾಜ್ಯ ಶಿಕ್ಷಣ ನೀತಿಗಾಗಿ 2023ರಲ್ಲಿ ನೇಮಿಸಿದ ಆಯೋಗದ ಅಧ್ಯಕ್ಷ ಸುಖದೇವ್ ಥೋರಟ್ ಮಹಾರಾಷ್ಟ್ರದವರು, ಅಮರಾವತಿ ಜಿಲ್ಲೆಯವರು. ಅವರೂ ಅರ್ಥಶಾಸ್ತ್ರಜ್ಞರೇ. ಅವರು ಯುಜಿಸಿ ಅಧ್ಯಕ್ಷರಾಗಿದ್ದ ಕಾಲದಲ್ಲೇ ಜಾಧವ್ ಪುಣೆ ವಿಶ್ವವಿದ್ಯಾಲಯದ ಕುಲಪತಿ. ಇಬ್ಬರೂ ಅಂಬೇಡ್ಕರ್ ವಿಚಾರದ ಮೇಲೆ ಕೆಲಸ ಮಾಡಿದವರು. 2025ರ ಆಗಸ್ಟ್‌ನಲ್ಲಿ ಥೋರಟ್ ಆಯೋಗ ಕರ್ನಾಟಕಕ್ಕೆ ಎರಡು ಭಾಷೆ ಸಾಕು ಎಂದು ಶಿಫಾರಸು ಮಾಡಿತು. ಮುಂಬೈಯಲ್ಲಿ ಇನ್ನೊಬ್ಬ ಮರಾಠಿ ಅರ್ಥಶಾಸ್ತ್ರಜ್ಞರ ಕೈಯಲ್ಲಿ ಮೂರನೇ ಭಾಷೆಯ ಪ್ರಶ್ನೆ. ಕರ್ನಾಟಕದ ಕ್ರಮ ಸ್ವಲ್ಪ ಮೇಲು ಎನ್ನಬೇಕು, ಅಲ್ಲಿ ಮೊದಲು ಆಯೋಗ, ಆಮೇಲೆ ನೀತಿ. ಆದರೆ ಬಹಳ ಹೆಮ್ಮೆಪಡುವಂತಿಲ್ಲ. ಐದು, ಎಂಟು, ಒಂಬತ್ತನೇ ತರಗತಿಗೆ ಬೋರ್ಡ್ ಪರೀಕ್ಷೆ ತಂದು, ಮಕ್ಕಳು ಬರೆದೂ ಆದ ಮೇಲೆ, ಫಲಿತಾಂಶ ಪ್ರಕಟಿಸಬೇಡಿ ಎಂದು 2024ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ತಡೆಯಬೇಕಾಯಿತು. ಪಠ್ಯಪುಸ್ತಕಗಳಂತೂ ಸರ್ಕಾರ ಬದಲಾದಾಗಲೆಲ್ಲ ಬದಲಾಗುತ್ತವೆ.

ಭಾಷೆಯ ಆದೇಶ 74 ದಿನಕ್ಕೆ ಬಿತ್ತು, ಏಕೆಂದರೆ ಅದರ ಹಿಂದೆ ಮತಗಳಿದ್ದವು, ಪಕ್ಷಗಳಿದ್ದವು, ಮುಂಬೈ ಮಹಾನಗರ ಪಾಲಿಕೆಯ ಚುನಾವಣೆಯ ನೆರಳಿತ್ತು. ಮತಗಳಿಲ್ಲದ ಕಡೆ ಇದೇ ಇಪ್ಪತ್ತು ಏನು ಮಾಡುತ್ತದೆ ಎಂದು ನೋಡಬೇಕಾದರೆ ನಾಸಿಕ್‌ನಿಂದ ಇಗತಪುರಿ ಕಡೆಗೆ ಹೋಗಬೇಕು.

ಇಗತಪುರಿ ತಾಲೂಕಿನಲ್ಲಿ ದರೇವಾಡಿ ಎಂಬ ಪುಟ್ಟ ಊರಿದೆ. ಭಾಮ್ ಅಣೆಕಟ್ಟಿನಿಂದ ಸಂತ್ರಸ್ತರಾದ ಆದಿವಾಸಿ ಕುಟುಂಬಗಳ ಊರು. ಅಲ್ಲಿಯ ಜಿಲ್ಲಾ ಪರಿಷತ್ ಶಾಲೆಯನ್ನು ಮುಚ್ಚಿ ಮಕ್ಕಳನ್ನು ಬೇರೆ ಊರಿನ ಶಾಲೆಗೆ ಸೇರಿಸುವ ತೀರ್ಮಾನವಾಯಿತು. 2022ರ ಅಕ್ಟೋಬರ್‌ನಲ್ಲಿ ಆ ಮಕ್ಕಳು ಹೆತ್ತವರ ಜೊತೆ ಆಡುಗಳನ್ನು ಹೊಡೆದುಕೊಂಡು ನಾಸಿಕ್ ಜಿಲ್ಲಾ ಪರಿಷತ್ತಿನ ದಾರಿ ಹಿಡಿದರು. ಅವರ ಬೇಡಿಕೆ ಬಹಳ ಸರಳ: ನಮ್ಮ ಪಾಟಿಚೀಲ ನೀವು ಇಟ್ಟುಕೊಳ್ಳಿ, ಆಡು ಕೊಡಿ, ಮೇಯಿಸಿಕೊಂಡಿರುತ್ತೇವೆ. ಮರಾಠಿ ಪತ್ರಿಕೆಗಳಲ್ಲಿ ಈ ಮಕ್ಕಳ ಫೋಟೊ ನೋಡಿದಾಗ ಕಚೇರಿಯಲ್ಲಿ ಕೆಲವರು ನಕ್ಕರು, ‘ಯಾರೋ ಕಾರ್ಯಕರ್ತರು ಹೇಳಿಕೊಟ್ಟಿರಬೇಕು’ ಎಂದರು. ಹೇಳಿಕೊಟ್ಟಿದ್ದರೂ ಇರಬಹುದು. ಅದರಿಂದ ಲೆಕ್ಕ ಬದಲಾಗುವುದಿಲ್ಲ. ಶಾಲೆ ದೂರವಾದರೆ ಆ ವಯಸ್ಸಿನ ಮಕ್ಕಳು ಮಾಡುವ ಕೆಲಸ ಆಡು ಮೇಯಿಸುವುದೇ. ಹೆಣ್ಣುಮಕ್ಕಳಾದರೆ ತಮ್ಮ-ತಂಗಿಯರನ್ನು ಎತ್ತಿಕೊಂಡು ಮನೆಯಲ್ಲಿರುವುದು.

ಮರುವರ್ಷ, 2023ರ ಸೆಪ್ಟೆಂಬರ್‌ನಲ್ಲಿ, ಶಿಕ್ಷಣ ಆಯುಕ್ತರ ಕಚೇರಿಯಿಂದ ‘ಸಮೂಹ ಶಾಲೆ’ಯ ಪ್ರಸ್ತಾವ ಕೇಳಿ ಜಿಲ್ಲೆಗಳಿಗೆ ಪತ್ರ ಹೋಯಿತು. 20ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಒಂದು ದೊಡ್ಡ ಶಾಲೆಗೆ ಸೇರಿಸಿ, ಮಕ್ಕಳಿಗೆ ವಾಹನ ಕೊಡುವ ಯೋಜನೆ. ಮಾದರಿಯಾಗಿ ತೋರಿಸಿದ್ದು ನಂದುರ್‌ಬಾರ್ ಜಿಲ್ಲೆಯ ತೋರಣಮಾಳ ಮತ್ತು ಪುಣೆ ಜಿಲ್ಲೆಯ ಪಾನಶೇತ್. ಆಗ ಪ್ರಕಟವಾದ ಅಂಕಿಅಂಶದಂತೆ ಇಂಥ ಶಾಲೆಗಳು ರಾಜ್ಯದಲ್ಲಿ 14,783, ಮಕ್ಕಳು 1.85 ಲಕ್ಷ, ಶಿಕ್ಷಕರು 29,707. ಭಾಗಿಸಿ ನೋಡಿ: ಒಂದು ಶಾಲೆಗೆ ಸರಾಸರಿ ಹನ್ನೆರಡೂವರೆ ಮಕ್ಕಳು, ಇಬ್ಬರು ಶಿಕ್ಷಕರು. ಮಂತ್ರಾಲಯದಲ್ಲಿ ಕುಳಿತವರಿಗೆ ಇದು ನಷ್ಟದ ಲೆಕ್ಕವಾಗಿ ಕಾಣುತ್ತದೆ. (ಮಂತ್ರಾಲಯ ಎಂದರೆ ನಮಗೆ ರಾಯರ ಮಠ, ಇಲ್ಲಿ ಮುಂಬೈಯ ಸಚಿವಾಲಯ. ಬಂದ ಹೊಸತರಲ್ಲಿ ‘ಸಾಹೇಬರು ಮಂತ್ರಾಲಯಕ್ಕೆ ಹೋಗಿದ್ದಾರೆ’ ಎಂದಾಗ ನಾನು ಭಕ್ತಿಯಿಂದ ಕೈಮುಗಿಯುವುದೊಂದು ಬಾಕಿ.)

ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. ಆರು ಮಕ್ಕಳು ನಾಲ್ಕು ತರಗತಿಗಳಲ್ಲಿ ಹಂಚಿಹೋದ ಶಾಲೆಯಲ್ಲಿ ಆಟಕ್ಕೆ ತಂಡವಾಗುವುದಿಲ್ಲ, ಚರ್ಚೆಗೆ ಜೊತೆಯಿರುವುದಿಲ್ಲ. ಇಬ್ಬರು ಶಿಕ್ಷಕರಲ್ಲಿ ಒಬ್ಬರು ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ, ಚುನಾವಣೆ ಕೆಲಸ ಎಂದು ಓಡಾಡುತ್ತಿದ್ದರೆ ಉಳಿದವರು ಒಬ್ಬರೇ. ದೊಡ್ಡ ಶಾಲೆಯಲ್ಲಿ ಪ್ರಯೋಗಾಲಯ, ಗ್ರಂಥಾಲಯ ಇರಬಹುದು. ಎಲ್ಲ ಸರಿ. ಹಾಗಿದ್ದರೆ ಆ ಊರಿನವರನ್ನು ಕೂರಿಸಿ ಕೇಳಲು ಏನಡ್ಡಿ? ವಾಹನ ಬರುವ ರಸ್ತೆ ಮಳೆಗಾಲದಲ್ಲಿ ಇರುತ್ತದೆಯೇ, ವಾಹನ ಕೆಟ್ಟ ದಿನ ಮಗು ಏನು ಮಾಡಬೇಕು, ಚಾಲಕನ ಸಂಬಳ ಎರಡು ತಿಂಗಳು ತಡವಾದರೆ ಯಾರು ಹೊಣೆ? ಇಗತಪುರಿಯ ಮಳೆ ನೋಡಿದವರಿಗೆ ಈ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ. ಆಗುಂಬೆಯ ಕಡೆಯವರಿಗೆ ವಿವರಿಸಬೇಕಿಲ್ಲ.

ಇನ್ನು ಛತ್ರಪತಿ ಸಂಭಾಜಿನಗರದ ಕಡೆ ಬನ್ನಿ. ಅಲ್ಲಿ ಮಳೆ ಕಡಿಮೆ, ನೀರು ಹೆಚ್ಚು ಎಂದರೆ ಒಗಟಿನಂತೆ ಕೇಳಿಸುತ್ತದೆ. ಗೋದಾವರಿಗೆ ಕಟ್ಟಿದ ಜಾಯಕವಾಡಿ ಅಣೆಕಟ್ಟಿನ ಹಿನ್ನೀರು ಪೈಠಣದಿಂದ ಮೇಲಕ್ಕೆ ಬಹುದೂರ ಹರಡಿದೆ. ಗಂಗಾಪುರ ತಾಲೂಕಿನ ಭಿವ್ ಧಾನೋರಾ ಊರಿನ ಕೆಲವು ಮಕ್ಕಳು ಶಾಲೆಗೆ ಹೋಗಲು ಆ ಹಿನ್ನೀರನ್ನು ಥರ್ಮಾಕೋಲಿನ ಹಲಗೆಯ ಮೇಲೆ ಕುಳಿತು ದಾಟುತ್ತಿದ್ದರು. ನೀರಹಾವು ಬಂದರೆ ಓಡಿಸಲು ಕೈಯಲ್ಲಿ ಕೋಲು. ರಸ್ತೆಯಲ್ಲಿ ಹೋದರೆ ಬಹಳ ಸುತ್ತು. 2023ರಲ್ಲಿ ಇದು ಪತ್ರಿಕೆಗಳಲ್ಲಿ ಬಂದ ಮೇಲೆ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು. ಅಣೆಕಟ್ಟು ತುಂಬಿ ಆಗಲೇ ನಲವತ್ತು ವರ್ಷ ಮೀರಿತ್ತು. ಅಷ್ಟು ವರ್ಷಗಳಲ್ಲಿ ಎಷ್ಟು ಜಿಲ್ಲಾ ಯೋಜನಾ ಸಭೆಗಳು ನಡೆದಿರಬಹುದು!

ನಾಸಿಕ್‌ನ ಊರು, ಸಂಭಾಜಿನಗರದ ಊರು, ಎರಡೂ ಅಣೆಕಟ್ಟಿಗೆ ಜಾಗ ಬಿಟ್ಟುಕೊಟ್ಟವು ಎಂಬುದು ಕಾಕತಾಳೀಯ ಇರಬಹುದು. ಎರಡೂ ಕಡೆ ಇಲಾಖೆಯ ಕಾಗದದಲ್ಲಿ ಶಾಲೆ ‘ಸಮೀಪ’ದಲ್ಲೇ ಇತ್ತು ಎಂಬುದು ಮಾತ್ರ ಕಾಕತಾಳೀಯವಲ್ಲ. ಶಿಕ್ಷಣ ಹಕ್ಕಿನ ನಿಯಮಗಳಲ್ಲಿ ಒಂದರಿಂದ ಐದನೇ ತರಗತಿಗೆ 1 ಕಿಲೋಮೀಟರ್, ಆರರಿಂದ ಎಂಟಕ್ಕೆ 3 ಕಿಲೋಮೀಟರ್ ಎಂದಿದೆ. ನಕ್ಷೆಯ ಮೇಲೆ ಅಳೆದರೆ ನೀರು, ಹಳ್ಳ, ಹೆದ್ದಾರಿ ಯಾವುದೂ ಅಡ್ಡ ಬರುವುದಿಲ್ಲ. ಇದೇ ಒಂದು ಕಿಲೋಮೀಟರನ್ನು ಇನ್ನೊಂದು ಕಡೆಯೂ ಬಳಸಿಕೊಂಡರು. 2024ರ ಫೆಬ್ರವರಿ 9ರಂದು ಮಹಾರಾಷ್ಟ್ರ ಸರ್ಕಾರ ನಿಯಮ ತಿದ್ದಿ, ಸುತ್ತ 1 ಕಿಲೋಮೀಟರ್‌ನೊಳಗೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಬಡಮಕ್ಕಳಿಗೆ ಶೇ 25 ಸೀಟು ಕೊಡಬೇಕಿಲ್ಲ ಎಂದಿತು. ಪೋಷಕರು ಕೋರ್ಟಿಗೆ ಹೋದರು. ಮೇ 6ಕ್ಕೆ ತಡೆ, ಜುಲೈ 19ಕ್ಕೆ ನಿಯಮವೇ ರದ್ದು. ಅಷ್ಟರಲ್ಲಿ ಆ ವರ್ಷದ ಪ್ರವೇಶದ ಬೇಸಿಗೆ ಮುಗಿದಿತ್ತು, ಶಾಲೆ ಶುರುವಾಗಿ ಒಂದು ತಿಂಗಳಾಗಿತ್ತು. ಇದೇ ಬಗೆಯ ನಿಯಮವನ್ನು ಕರ್ನಾಟಕ 2018ರ ಕೊನೆಯಲ್ಲೇ ತಂದಿತ್ತು ಎಂಬುದು ಇಲ್ಲಿ ಮರೆಯಬಾರದ ಮಾತು.

ಮೂರನೆಯ ಇಪ್ಪತ್ತು ಶಿಕ್ಷಕರದ್ದು. ಶಾಲೆಗೆ ಎಷ್ಟು ಹುದ್ದೆ ಎಂದು ಪ್ರತಿ ವರ್ಷ ಗೊತ್ತುಮಾಡುವುದಕ್ಕೆ ಇಲ್ಲಿ ‘ಸಂಚ ಮಾನ್ಯತಾ’ ಎನ್ನುತ್ತಾರೆ. 2024ರ ಮಾರ್ಚ್ 15ರ ಜಿಆರ್ ಬಂದ ಮೇಲೆ, ಆರರಿಂದ ಎಂಟನೇ ತರಗತಿಯಲ್ಲಿ 20ಕ್ಕಿಂತ ಕಡಿಮೆ ಮಕ್ಕಳಿದ್ದರೆ ಶಿಕ್ಷಕರ ಹುದ್ದೆಯೇ ಇಲ್ಲದಂತಾಗುತ್ತಿದೆ ಎಂಬುದು ಶಿಕ್ಷಕ ಸಂಘಟನೆಗಳ ದೂರು. ಇದಕ್ಕೂ ಪ್ರತಿಭಟನೆಗಳು ನಡೆದಿವೆ. ಆದರೆ ವರಳಿಯಲ್ಲಿ ಸೇರಿದಷ್ಟು ಜನ ಇದಕ್ಕೆ ಸೇರುವುದಿಲ್ಲ. ‘ಸಂಚ ಮಾನ್ಯತಾ’ ಎಂಬ ಪದಕ್ಕೆ ಯಾರ ರಕ್ತವೂ ಕುದಿಯುವುದಿಲ್ಲ ನೋಡಿ.

ಹುದ್ದೆಯ ಲೆಕ್ಕಕ್ಕೆ ಹಿಡಿಯುವುದು ಸೆಪ್ಟೆಂಬರ್ 30ರ ಹಾಜರಿ ಪಟ್ಟಿ. ಮರಾಠವಾಡದಲ್ಲಿ ಈ ತಾರೀಖಿನ ಅರ್ಥ ಬೇರೆ. ದಸರಾ ಕಳೆಯುತ್ತಲೇ ಬೀಡ್, ಸಂಭಾಜಿನಗರ, ಜಾಲನಾ ಕಡೆಯ ಕಬ್ಬು ಕಡಿಯುವವರು ಗಂಡ ಹೆಂಡತಿ ಜೋಡಿಯಾಗಿ ಹೊರಡುತ್ತಾರೆ. ಪಶ್ಚಿಮ ಮಹಾರಾಷ್ಟ್ರದ ಕಾರ್ಖಾನೆಗಳಿಗೆ ಹೋಗುವವರು ಹೆಚ್ಚು, ಬೆಳಗಾವಿ, ಬಾಗಲಕೋಟೆ ಕಡೆಗೆ ಬರುವವರೂ ಸಾಕಷ್ಟು. ಮಗುವನ್ನು ಅಜ್ಜಿಯ ಬಳಿ ಬಿಡುವಂತಿದ್ದರೆ ಬಿಡುತ್ತಾರೆ, ಇಲ್ಲದಿದ್ದರೆ ಅದೂ ಗಾಡಿಯಲ್ಲಿ. ಪಟ್ಟಿಯಲ್ಲಿ ಇಪ್ಪತ್ತೆರಡು ಮಕ್ಕಳಿರುವ ಶಾಲೆಯಲ್ಲಿ ಡಿಸೆಂಬರ್‌ನಲ್ಲಿ ಹನ್ನೆರಡು ಮಕ್ಕಳಿರಬಹುದು. ಊರಿನಲ್ಲಿ ಉಳಿಯುವ ಮಕ್ಕಳಿಗಾಗಿ ‘ಹಂಗಾಮಿ ವಸತಿಗೃಹ’ ಎಂಬ ಯೋಜನೆ ಇದೆ, ಹಣ ಬರುವಾಗ ಕೆಲವೊಮ್ಮೆ ಹಂಗಾಮೇ ಅರ್ಧ ಮುಗಿದಿರುತ್ತದೆ ಎಂದು ವಾಳೂಜ್‌ನ ಕಾಲದ ನನ್ನ ಶಿಕ್ಷಕ ಮಿತ್ರರು ಹೇಳುತ್ತಿದ್ದರು. ನಮ್ಮ ಜಮಖಂಡಿ, ಮುಧೋಳದ ಕಬ್ಬಿನ ಗದ್ದೆಯ ಬದುವಿನಲ್ಲಿ ಆಡುತ್ತಿರುವ ಮರಾಠಿ ಮಗುವನ್ನು ಎರಡೂ ಸರ್ಕಾರಗಳ ಯಾವ ಪಟ್ಟಿ ಎಣಿಸಬೇಕು?

ಹೀಗೆಲ್ಲ ಹೇಳಿದರೆ ಮಹಾರಾಷ್ಟ್ರದಲ್ಲಿ ಯಾವುದೂ ಸರಿಯಾಗುವುದಿಲ್ಲ ಎಂಬ ಭಾವನೆ ಬರಬಾರದು. ಸಮವಸ್ತ್ರದ ಪ್ರಸಂಗ ಉಲ್ಟಾ ದಿಕ್ಕಿನದು. ಮೊದಲು ಸಮಗ್ರ ಶಿಕ್ಷಾ ಯೋಜನೆಯಲ್ಲಿ ಮಗುವಿಗೆ ಎರಡು ಜೊತೆಗೆ 600 ರೂಪಾಯಿಯಂತೆ ಶಾಲಾ ವ್ಯವಸ್ಥಾಪನ ಸಮಿತಿಗೆ ಹಣ ಬರುತ್ತಿತ್ತು. ಸಮಿತಿಯವರು ಪಕ್ಕದೂರಿನ ದರ್ಜಿಯನ್ನು ಕರೆಸಿ ಅಳತೆ ಕೊಟ್ಟು ಹೊಲಿಸುತ್ತಿದ್ದರು. ಆಗಿನ ಸಚಿವ ದೀಪಕ್ ಕೇಸರ್ಕರ್ ಅವರ ಕಾಲದಲ್ಲಿ ‘ಒಂದು ರಾಜ್ಯ, ಒಂದು ಸಮವಸ್ತ್ರ’ ಬಂತು. ಬಟ್ಟೆ ರಾಜ್ಯಮಟ್ಟದಲ್ಲಿ ಖರೀದಿ, ಹೊಲಿಗೆ ಮಹಿಳಾ ಆರ್ಥಿಕ ವಿಕಾಸ ಮಹಾಮಂಡಳದ ಮೂಲಕ ಸ್ವಸಹಾಯ ಗುಂಪುಗಳಿಗೆ. ಕೇಳಲು ಚೆಂದ, ಹೆಣ್ಣುಮಕ್ಕಳಿಗೆ ಕೆಲಸವೂ ಸಿಗುತ್ತದೆ. 2024ರ ಆಗಸ್ಟ್ 15ಕ್ಕೆ ಎಷ್ಟೋ ಶಾಲೆಗಳ ಮಕ್ಕಳು ಹಳೆ ಅಂಗಿಯಲ್ಲೇ ಧ್ವಜಕ್ಕೆ ವಂದಿಸಿದರು. ಬಂದ ಕಡೆ ಕೆಲವರಿಗೆ ತೋಳು ಮೊಣಕೈಗೆ, ಕೆಲವರಿಗೆ ಚಡ್ಡಿ ಹಿಮ್ಮಡಿಗೆ. ಲಕ್ಷಾಂತರ ಮಕ್ಕಳ ಅಳತೆಯನ್ನು ಮೇಲಿಂದ ತೆಗೆಯಲು ಹೋದರೆ ಆಗುವುದೇ ಹೀಗೆ. ಡಿಸೆಂಬರ್ 2024ರಲ್ಲಿ ಸರ್ಕಾರ ಸುಮ್ಮನೆ ಒಂದು ಜಿಆರ್ ಹೊರಡಿಸಿ ಕೆಲಸವನ್ನು ಮತ್ತೆ ಶಾಲಾ ಸಮಿತಿಗೇ ಒಪ್ಪಿಸಿತು. ಚೀಲದ ಭಾರ ಇಳಿಸಲೆಂದು ಪಠ್ಯಪುಸ್ತಕದೊಳಗೆ ಬರೆಯಲು ಖಾಲಿ ಹಾಳೆ ಸೇರಿಸಿದ ಕ್ರಮವನ್ನೂ 2025ರ ಆರಂಭದಲ್ಲಿ ಕೈಬಿಟ್ಟರು.

ಸಮವಸ್ತ್ರ ವಾಪಸು ಹೋಗಿದ್ದು ಎಲ್ಲಿಗೆ ಎಂಬುದನ್ನು ಗಮನಿಸಬೇಕು. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಪ್ರತಿ ಸರ್ಕಾರಿ ಶಾಲೆಗೂ ಇಂಥ ಸಮಿತಿ ಇರಬೇಕು, ಅದರಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು. 22ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತದೆ. ಆ ಸಮಿತಿ ಶಾಲೆಯ ಅಭಿವೃದ್ಧಿ ಯೋಜನೆ ಬರೆಯಬೇಕು, ಸರ್ಕಾರದ ಯೋಜನೆ ಮತ್ತು ಅನುದಾನಕ್ಕೆ ಅದೇ ಆಧಾರವಾಗಬೇಕು. ಅಂದರೆ ಕೆಳಗಿನಿಂದ ಮೇಲಕ್ಕೆ ಹೋಗುವ ದಾರಿಯನ್ನು 2009ರಲ್ಲೇ ಕಾಯ್ದೆ ಹಾಕಿಕೊಟ್ಟಿದೆ. ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 2001ರಲ್ಲೇ, ಎಸ್‌ಡಿಎಂಸಿ ಬಂದಿತ್ತು. ದಾರಿ ಇದೆ, ಅದರ ಮೇಲೆ ಸಂಚಾರವಿಲ್ಲ. ಸಮಿತಿಯ ಸಭೆ ಎಂದರೆ ಹೆಚ್ಚಿನ ಕಡೆ ಮುಖ್ಯೋಪಾಧ್ಯಾಯರು ಬರೆದಿಟ್ಟ ನಡಾವಳಿಗೆ ಸಹಿ.

ಕೆಳಗಿನಿಂದ ಹುಟ್ಟಿದ ನಿರ್ಧಾರ ಹೇಗಿರುತ್ತದೆ ಎಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ನೋಡಿ ಬಂದು, ತಮ್ಮ ಶಾಲೆಗೆ ಒಗ್ಗುವಂತೆ ಕಾರ್ಡುಗಳನ್ನು ತಾವೇ ಮಾಡಿ ಶುರು ಮಾಡಿದ್ದು ನಲಿ-ಕಲಿ. ಮೊದಲ ಕೆಲವು ಶಾಲೆಗಳಲ್ಲಿ ಅದು ಅರಳಿದ್ದು ಅದನ್ನು ಮಾಡಿದವರೇ ನಡೆಸುತ್ತಿದ್ದರಿಂದ. 2009ರ ನಂತರ ಇಡೀ ರಾಜ್ಯಕ್ಕೆ ಆದೇಶವಾಗಿ ಹೋದಾಗ ಅದೇ ಪದ್ಧತಿ ಎಷ್ಟೋ ಶಿಕ್ಷಕರಿಗೆ ಹೊರೆಯಾಯಿತು. ಒಳ್ಳೆಯ ಯೋಚನೆಯೂ ಆದೇಶದ ಮೂಲಕ ಬಂದರೆ ಬಣ್ಣ ಕಳೆದುಕೊಳ್ಳುತ್ತದೆ ಎಂಬುದನ್ನು ಕರ್ನಾಟಕದವರು ಮಹಾರಾಷ್ಟ್ರದವರಿಗೆ ಹೇಳಬಹುದು.

ಹಾಗಾದರೆ ಹೊರರಾಜ್ಯದ ಕನ್ನಡಿಗರಾದ ನಮಗೂ ಇದಕ್ಕೂ ಏನು ಸಂಬಂಧ? ನಿಜ ಹೇಳಬೇಕೆಂದರೆ ನಾಸಿಕ್‌ನ, ಸಂಭಾಜಿನಗರದ ನಮ್ಮಲ್ಲಿ ಹೆಚ್ಚಿನವರ ಮಕ್ಕಳು ಸಿಬಿಎಸ್‌ಇ ಶಾಲೆಗಳಲ್ಲಿ. 2020ರ ಕಾಯ್ದೆಯಂತೆ ಮರಾಠಿ ಕಲಿಯುತ್ತಾರೆ, ಅದು ತಪ್ಪೂ ಅಲ್ಲ, ಕರ್ನಾಟಕಕ್ಕೆ ಬಂದವರು ಕನ್ನಡ ಕಲಿಯಲಿ ಎಂದು ನಾವೇ ಹೇಳುತ್ತೇವೆ. ಕನ್ನಡ ಮನೆಯಲ್ಲಿ, ಭಾನುವಾರದ ಸಂಘದಲ್ಲಿ. ನಮ್ಮ ಸ್ಥಿತಿ ಹೇಗೋ ನಡೆಯುತ್ತದೆ. ಆದರೆ ಮಹಾರಾಷ್ಟ್ರದಲ್ಲಿ ಇನ್ನೊಂದು ಕನ್ನಡ ಇದೆ, ಅದು ವಲಸೆ ಬಂದದ್ದಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಸಾಂಗಲಿ ಜಿಲ್ಲೆಯ ಜತ್ತ. ಅಲ್ಲಿ ಕನ್ನಡ ಮಾಧ್ಯಮದ ಜಿಲ್ಲಾ ಪರಿಷತ್ ಶಾಲೆಗಳಿವೆ, ಬಾಲಭಾರತಿ ಅವರಿಗಾಗಿ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಮಾಡುತ್ತದೆ. ಆ ಶಾಲೆಗಳಿಗೆ ಹಿಂದಿ ಬೇಕೋ ಬೇಡವೋ ಎಂಬುದಕ್ಕಿಂತ ಮೊದಲಿನ ಪ್ರಶ್ನೆ ಕನ್ನಡ ಬಲ್ಲ ಶಿಕ್ಷಕರದ್ದು. ಜತ್ತದ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ಕಳಿಸಿದ ವಿಷಯ 2024ರಲ್ಲಿ ದೊಡ್ಡ ಸುದ್ದಿಯಾಯಿತು, ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಮಹಾರಾಷ್ಟ್ರಕ್ಕೆ ಪತ್ರ ಬರೆಯಿತು. ಕಾಸರಗೋಡಿನವರಿಗೆ ಈ ಕಥೆ ಹೊಸದಲ್ಲ, ಅಲ್ಲಿ ಮರಾಠಿಯ ಜಾಗದಲ್ಲಿ ಮಲಯಾಳ.

ಇದನ್ನು ಕನ್ನಡದ ಮೇಲಿನ ದ್ವೇಷ ಎಂದು ಬರೆದರೆ ಸುಲಭವಾಗಿ ಚಪ್ಪಾಳೆ ಸಿಗುತ್ತದೆ. ನನಗೆ ಕಾಣುವುದು ಅದಕ್ಕಿಂತ ನೀರಸವಾದ ಕಾರಣ. ಹುದ್ದೆಯ ಪಟ್ಟಿಯಲ್ಲಿ ಒಂದು ಖಾಲಿ ಇದೆ, ಹೆಚ್ಚುವರಿಯಾದ ಒಬ್ಬ ಶಿಕ್ಷಕರಿದ್ದಾರೆ, ಎರಡನ್ನೂ ಜೋಡಿಸಿದರೆ ಕೆಲಸ ಮುಗಿಯಿತು. ಶಿಕ್ಷಕರಿಗೆ ಮಗುವಿನ ಭಾಷೆ ಬರುತ್ತದೆಯೇ ಎಂಬ ಪ್ರಶ್ನೆ ಕೇಳಬೇಕಾದ ಶಾಲಾ ಸಮಿತಿಗೆ ವಿಷಯ ಗೊತ್ತಾಗುವುದು ಆ ಶಿಕ್ಷಕರು ಬಂದು ಹಾಜರಾದ ದಿನ. ದರೇವಾಡಿಯ ಹೆತ್ತವರಿಗೆ ಶಾಲೆ ಮುಚ್ಚುವುದು ಗೊತ್ತಾದ ರೀತಿಯೂ ಬಹುಶಃ ಬೇರೆಯಾಗಿರಲಿಲ್ಲ.

ಜಾಧವ್ ಸಮಿತಿಯ ಪಟ್ಟಿಯಲ್ಲಿ ಸೊಲ್ಲಾಪುರವೂ ಇತ್ತು ಎಂದೆ. ಮಹಾರಾಷ್ಟ್ರದ ಕನ್ನಡ, ಉರ್ದು, ಗುಜರಾತಿ ಮಾಧ್ಯಮದ ಮಕ್ಕಳು ಬಹಳ ವರ್ಷಗಳಿಂದ ಒಂದನೇ ತರಗತಿಯಿಂದಲೇ ಮೂರು ಭಾಷೆ ಕಲಿಯುತ್ತಿದ್ದಾರೆ: ತಮ್ಮ ಮಾಧ್ಯಮದ ಭಾಷೆ, ಮರಾಠಿ, ಇಂಗ್ಲಿಷ್. ‘ಅವರು ಕಲಿಯುತ್ತಿಲ್ಲವೇ, ಮರಾಠಿ ಮಕ್ಕಳಿಗೆ ಏಕಾಗದು?’ ಎಂದು ಆದೇಶದ ಪರವಾಗಿದ್ದವರು ಈ ಮಕ್ಕಳನ್ನೇ ಉದಾಹರಣೆ ಕೊಟ್ಟಿದ್ದರು. ಆರು ವರ್ಷದ ಮಗುವಿನ ಮೇಲೆ ಮೂರು ಭಾಷೆ ಒಟ್ಟಿಗೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಪ್ರಯೋಗ ಬೇಕಿಲ್ಲ, ಅಕ್ಕಲಕೋಟೆಯ ಒಂದು ಕನ್ನಡ ಶಾಲೆಯ ಎರಡನೇ ತರಗತಿಯಲ್ಲಿ ಅರ್ಧ ದಿನ ಕುಳಿತರೆ ಸಾಕು. ಮಗು ಯಾವ ಭಾಷೆಯನ್ನು ನಿಜವಾಗಿ ಓದುತ್ತದೆ, ಯಾವುದನ್ನು ಬಾಯಿಪಾಠ ಮಾಡುತ್ತದೆ, ಮೂರನ್ನೂ ಕಲಿಸುವ ಗುರುಗಳು ಒಬ್ಬರೋ ಇಬ್ಬರೋ, ಅವರಿಗೆ ಮೂರೂ ಬರುತ್ತವೆಯೋ ಎಂದು ಅಲ್ಲಿಯ ತಾಯಂದಿರನ್ನು ಕೇಳಿದರೆ ಹೇಳುತ್ತಾರೆ. ಸೊಲ್ಲಾಪುರದ ಸಭಾಂಗಣಕ್ಕೆ ಅವರು ಬರುವುದಿಲ್ಲ, ಅಂದಿನ ಕೂಲಿ ಹೋಗುತ್ತದೆ. ಸೊಲ್ಲಾಪುರದಿಂದ ಅಕ್ಕಲಕೋಟೆ ನಲವತ್ತು ಕಿಲೋಮೀಟರ್, ರಸ್ತೆ ಚೆನ್ನಾಗಿದೆ.